ಅತ್ತೆ, ಸೊಸೆ ಮತ್ತು ಕಳೆದುಹೋದ ಆಡು

ಗೆಳೆಯರೇ, ನನ್ನ ಹೆಂಡತಿ ವರ್ಷಗಟ್ಟಲೆ ಕಾದಿದ್ದ ಜಪಾನಿ ವಿಡಿಯೊ ಆಟದ ಎರಡನೇ ಭಾಗ ಇಂದು ಕೊನೆಗೂ ಕಂಪ್ಯೂಟರಿಗೆ ಬಂತು. ಇಂದೇ ಕಮತಗಿಯಲ್ಲಿ ನೆಂಟರ ನಿಶ್ಚಿತಾರ್ಥ. ಸೀರೆ ಉಟ್ಟು ಸಿದ್ಧಳಾಗಿದ್ದ ನನ್ನ ಅವ್ವ ಬೈಯಲೆಂದೇ ಆಟ ಬಿಟ್ಟೇಳದ ಸೊಸೆಯ ಪಕ್ಕ ಕುಳಿತಳು. ಪರದೆಯ ಮೇಲೆ, ಜಗತ್ತು ಉಳಿಸಲು ಹೊರಟ ವೀರನನ್ನು ಒಬ್ಬ ಅಜ್ಜಿ ತಡೆದು, ಕಳೆದುಹೋದ ಆಡು ಹುಡುಕಿಕೊಡು ಎಂದು ಬೇಡಿದಳು. ಹೆಂಡತಿ ವೀರನನ್ನು ಮುಂದೆ ಓಡಿಸಿದಳು.

"ಏ, ನಿಂದ್ರು! ಪಾಪ, ಮುದುಕಿ ಅಳಾಕತ್ತಾಳ. ಮೊದಲ ಆಡು ಹುಡುಕು, ಜಗತ್ತು ಆಮ್ಯಾಲ ಉಳಸೀಯಂತ" ಎಂದಳು ಅವ್ವ.

"ಅತ್ತಿ, ನಿಶ್ಚಿತಾರ್ಥಕ್ಕ ತಡಾ ಆಗತೈತ್ರಿ."

"ನಿನ್ನ ಗಂಡನ್ನ ಕಳಸು."

ಒಬ್ಬನೇ ಹೋದೆ. ಇವರಿಬ್ಬರೂ ಯಾಕೆ ಬರಲಿಲ್ಲ ಎಂದು ಕೇಳಿದವರಿಗೆ, "ಆಡು ಕಳದೈತ್ರಿ, ಹುಡಕಾಕತ್ತಾರ" ಎಂದೆ. ಸುಳ್ಳೇನಲ್ಲ. ಈಗ ಮನೆಗೆ ಮರಳಿದ್ದೇನೆ; ಅಲ್ಲಿಂದ ಇಬ್ಬರು ನೆಂಟರು ನಮ್ಮ ಜೊತೆ ಹುಡುಕಲು ಬೈಕ್ ಹತ್ತಿ ಇಳಕಲ್ಲಿನ ನಮ್ಮ ಮನೆಗೆ ಹೊರಟಿದ್ದಾರಂತೆ. ಕಂಪ್ಯೂಟರಿನ ಮುಂದೆ ಇನ್ನೆರಡು ಕುರ್ಚಿ ಹಾಕಿದ್ದೇನೆ.