ಮೊಣಕೈಗೆ ಜಾರಿದ ಬಳೆ

ಕ್ಯಾರೆಟ್ ರಸದ ಲೋಟವನ್ನು ನನ್ನ ಕೈಗೇ ವಾಪಸ್ ಕೊಟ್ಟ ಅತ್ತಿಗೆ, ಒಲೆಯ ಮುಂದೆ ಕೂತು ಮುದ್ದೆ ತಿರುವತೊಡಗಿದರು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಉಪ್ಪು, ಬೇಯಿಸಿದ ಊಟ ಬಿಟ್ಟರೆ ಎದೆಯ ಕ್ಯಾನ್ಸರ್ ಗಡ್ಡೆ ಕರಗುತ್ತದೆಂದು, ಮೂಕಂಡಪಲ್ಲಿಯಲ್ಲಿ ಆಗಷ್ಟೇ ಶುರುವಾಗಿದ್ದ, ನಾನು ಕೆಲಸಕ್ಕಿದ್ದ ಫ್ಯಾಕ್ಟರಿಯ ಜೊತೆಗಾರ ಕೊಟ್ಟ ಪುಸ್ತಕ ಓದಿ, ಮೂರು ವಾರ ಅವರಿಗೆ ಬರೀ ರಸ ಕುಡಿಸಿದವನು ನಾನು. ಬೆಂಗಳೂರಿನ ಆಸ್ಪತ್ರೆಯನ್ನು ತಪ್ಪಿಸಿದವನೂ ನಾನೇ.

"ನಾಳೆ ಕರೆಂಟ್ ಕೊಡಿಸ್ಕಣಾಕೆ ಆಸ್ಪತ್ರೆಗೆ ಹೋಗ್ತೀನಿ ಕಣಪ್ಪ. ಬಸ್ಸಲ್ಲಿ ನಿಂತ್ಕಳಾಕೆ ಶಕ್ತಿ ಬೇಕಲ್ಲ?" ಎಂದವರೇ ಬಿಸಿ ಮುದ್ದೆಯನ್ನು ಹುರುಳಿ ಸಾರಿಗೆ ಅದ್ದಿ ನುಂಗಿದರು. ರೇಡಿಯೇಷನ್ ಚಿಕಿತ್ಸೆಗೆ ನಮ್ಮ ಕಡೆ ಕರೆಂಟ್ ಅಂತಲೇ ಹೇಳುತ್ತಿದ್ದರು. ಮರುದಿನ ಚೀಲ ಹಿಡಿದು ಅವರ ಹಿಂದೆ ಬಸ್ ಹತ್ತಿದೆ.

ಮುಂದಿನ ವರ್ಷ ಅದೇ ಬಳೆಗಳು ಅತ್ತಿಗೆಯ ಕೈಗೆ ಬಿಗಿಯಾಗಿದ್ದವು. ಅಂದಿನಿಂದ ನಾನು ಯಾರಿಗೂ ಪಥ್ಯ ಹೇಳಿಲ್ಲ.