ಮೊದಲು ಕೊಳೆಯಲಿ

ಹೆಸರಘಟ್ಟ ರಸ್ತೆಯ ನಮ್ಮ ಸಣ್ಣ ಲ್ಯಾಬಿನಲ್ಲಿ ಮೇಡಂ ಆಲೂಗಡ್ಡೆ ಕೊಳೆಸುತ್ತಿದ್ದರು. ಗಡ್ಡೆಗೆ ಗಾಯ ಮಾಡಿ, ಕೊಳೆರೋಗದ ಬ್ಯಾಕ್ಟೀರಿಯಾ ಸವರಿ, ಕೊಳೆ ತಡೆಯುತ್ತದೆಂದು ಕಂಪನಿಗಳು ಪರೀಕ್ಷೆಗೆ ಕಳಿಸಿದ ಸ್ಯಾನಿಟೈಸರ್‌ನಲ್ಲಿ ಅದ್ದಿಡುವುದು ಅವರ ಕೆಲಸ. ಒಂದು ಟ್ರೇಯನ್ನು ಮಾತ್ರ ಬರೀ ನೀರಿನಲ್ಲಿ ಅದ್ದುತ್ತಿದ್ದರು. ಅದು ಕೊಳೆಯದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ಯಾರು ಅವಸರ ಮಾಡಿದರೂ ಕನ್ನಡಕ ತಲೆಗೇರಿಸಿ, ಟ್ರೇ ಮೂಸಿ, "ಮೊದ್ಲು ಕೊಳೀಲಿ, ಆಮೇಲೆ ಮಾತಾಡೋಣ" ಎನ್ನುತ್ತಿದ್ದರು.

ಒಮ್ಮೆ ಯಾವ ಟ್ರೇಯೂ ಕೊಳೆಯಲಿಲ್ಲ. ಕಂಪನಿಯವನು ಮೈಸೂರುಪಾಕಿನ ಡಬ್ಬಿ ಹಿಡಿದು ಬಂದ.

"ಒಂದೂ ಕೊಳೆತಿಲ್ಲ ಮೇಡಂ, ಪಾಸ್ ಮಾಡ್ಬಿಡಿ."

"ನೀರಲ್ಲಿ ಅದ್ದಿದ್ದೂ ಕೊಳೆತಿಲ್ಲ ಕಣ್ರೀ. ಸರ್ಟಿಫಿಕೇಟ್ ನಿಮ್ ಔಷಧಿಗೆ ಕೊಡ್ಲಾ, ನಮ್ ನಲ್ಲಿಗೆ ಕೊಡ್ಲಾ?"

ಟ್ರೇ ಅದ್ದುವ ಹಿಂದಿನ ದಿನ ಯಾರೋ ಲ್ಯಾಬಿನ ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಸುರಿದಿದ್ದರು; ಬ್ಯಾಕ್ಟೀರಿಯಾ ನೀರಿನಲ್ಲೇ ಸತ್ತಿತ್ತು. ಮೇಡಂ ಮೈಸೂರುಪಾಕ್ ಇಟ್ಟುಕೊಂಡು ಅವನನ್ನು ವಾಪಸ್ ಕಳಿಸಿದರು. ಅವರ ಸಹಿ ನಂಬಿ ರೈತರು ಔಷಧಿ ಕೊಳ್ಳುತ್ತಿದ್ದರು.

ಹೋದ ತಿಂಗಳು ಚಿಕ್ಕಬಾಣಾವರದಲ್ಲಿ, ಅವರದೇ ಜಮೀನಿನಲ್ಲಿ, ಮೇಡಂ ಅವರನ್ನು ಮಣ್ಣು ಮಾಡಿದೆವು. ಅವರ ದೊಡ್ಡಪ್ಪ ನನ್ನ ಮುಂದೆ ಚೀಲ ಚಾಚಿದರು. "ಒಂದ್ ಇಡಿ ಉಪ್ಪು ಆಕಪ್ಪ, ಬೇಗ ಕರಗ್ಲಿ."

ಹೋಲಿಸಿ ನೋಡಲು ಉಪ್ಪಿಲ್ಲದ ಟ್ರೇ ಎಲ್ಲಿ ಎಂದು ಮೇಡಂ ಖಂಡಿತ ಕೇಳುತ್ತಿದ್ದರು. ಗುಂಡಿಯ ಅಂಚಿನಲ್ಲೇ ನನಗೆ ನಗು ಬಂದುಬಿಟ್ಟಿತು. ಅವರ ಯಜಮಾನರು ತಿರುಗಿ ನೋಡಿದರು.

"ಮೊದ್ಲು ಕೊಳೀಲಿ ಅಂತಿದ್ರು ಸಾರ್," ಎಂದೆ.

ಅವರೂ ನಕ್ಕರು. "ಮನೇಲೂ ಅದೇ ಕಣಪ್ಪ. ಏನ್ ಕೇಳಿದ್ರೂ ಅದೇ."

ಮೇಡಂ ಮಾತಿನ ಉಳಿದರ್ಧ ಇಬ್ಬರಿಗೂ ಗೊತ್ತಿತ್ತು. ಯಾರೂ ಹೇಳಲಿಲ್ಲ.