ಸೀಸದ ಮಡಿ

ಸಾರಿಗೆ ಒಗ್ಗರಣೆ ಹಾಕೋಣವೆಂದು ಸೌಟಿನಲ್ಲಿ ತುಪ್ಪ ಕಾಯಿಸಿ ಸಾಸಿವೆ ಹಾಕಿದ್ದೆ. ಅಷ್ಟರಲ್ಲಿ ಡಾಕ್ಟರ ಆಫೀಸಿನಿಂದ ಫೋನು ಬಂತು. ನಮ್ಮಿಬ್ಬರ ರಕ್ತದಲ್ಲಿ ಸೀಸದ ಅಂಶ ಎಷ್ಟಿದೆಯೆಂದು ಪರೀಕ್ಷೆ ಮಾಡಿಸಿದ್ದೆವು, ಅದರ ಫಲಿತಾಂಶ. ಯಜಮಾನರದು ಏನೂ ತೊಂದರೆಯಿಲ್ಲ, ನಿಮ್ಮದು ಮಾತ್ರ ಇರಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಇದೆ ಎಂದಳು ನರ್ಸಮ್ಮ. ಅದಲುಬದಲಾಗಿರಬೇಕು, ಇನ್ನೊಂದು ಸಲ ನೋಡಿ ತಾಯಿ ಎಂದೆ. ಪಾಪ, ನೋಡಿ ಅದನ್ನೇ ಹೇಳಿದಳು. ಸಾಸಿವೆ ಸಿಡಿದು, ಸೀದು ಕರಕಲಾಗಿ, ಅಡುಗೆಮನೆಯೆಲ್ಲ ಹೊಗೆಯಾಯಿತು.

ಅದಲುಬದಲು ಎಂದು ನನಗನ್ನಿಸಿದ್ದರಲ್ಲಿ ತಪ್ಪಿಲ್ಲ. ಈ ಮನೆಯಲ್ಲಿ ಸೀಸ ಕರಗಿಸುವವರು ನಮ್ಮವರು. ನಾನು ದೇವರಮನೆಗೂ ಒಲೆಗೂ ಓಡಾಡಿಕೊಂಡಿರುವವಳು.

ರಿಟೈರ್ ಆದ ಮೇಲೆ ನಾವಿರುವ ಊರು ಕೆಂಡಲ್ ಪಾರ್ಕಿನ ಸ್ನೇಹಿತರಲ್ಲಿ ಕೆಲವರು ಗಾಲ್ಫ್ ಹಿಡಿದರು, ಕೆಲವರು ವೇದಪಾಠ ಹಿಡಿದರು. ನಮ್ಮವರು ರಿವಾಲ್ವರ್ ಹಿಡಿದರು. ಹೆಸರಿಗೆ ಮ್ಯಾಗ್ನಮ್, ಅಂದರೆ ಮಹಾ, ನಳಿಗೆಯೋ, ನನ್ನ ಕಿರುಬೆರಳೂ ಹೋಗದಷ್ಟು ಸಣ್ಣದು. ಒಣಕಲು ಹುಡುಗನಿಗೆ ಭೀಮಸೇನ ಎಂದು ಹೆಸರಿಟ್ಟ ಹಾಗೆ. ಇಷ್ಟು ಸಣ್ಣ ಬಾಯಿಗೆ ಇವರಿಗೆ ಬೇಕಾದ್ದು ಉದ್ದನೆಯ, ಭಾರದ ಗುಂಡು. ಅಂಥದ್ದು ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲವಂತೆ. ಅದಕ್ಕೇ ಗರಾಜಿನಲ್ಲಿ ತಾವೇ ಎರಕ ಹೊಯ್ಯುತ್ತಾರೆ. ಭಾನುವಾರ ಕ್ಲಬ್ಬಿಗೆ ಹೋಗಿ ಕಾಗದದ ಮೇಲೆ ಹೊಡೆದು ಬರುತ್ತಾರೆ. ಜೀವಹಿಂಸೆ ಎಂದು ನಾನು ಮೊದಲು ಬೇಸರಪಟ್ಟುಕೊಂಡಿದ್ದು ನಿಜ. ಇಷ್ಟು ವರ್ಷದಲ್ಲಿ ಇವರ ಕೈಯಲ್ಲಿ ಸತ್ತದ್ದು ಕಾಗದ ಮಾತ್ರ, ಅದೂ ಎಲ್ಲ ಸಲವೂ ಅಲ್ಲ ಎಂದು ತಿಳಿದ ಮೇಲೆ ಸುಮ್ಮನಾದೆ.

ಬಾಗಿಲಲ್ಲಿ ನಿಂತು ನೋಡಿದ್ದೇನೆ. ಅದೂ ಒಂದು ಅಡುಗೆಯೇ. ಅಚ್ಚು ಕಾಯದೆ ಸೀಸ ಹೊಯ್ದರೆ ಗುಂಡು ಸುಕ್ಕುಗಟ್ಟುತ್ತದೆ, ಕಾಯದ ಕಾವಲಿಯ ಮೇಲೆ ಮೊದಲ ದೋಸೆ ಕೆಟ್ಟಂತೆ. ಆದರೆ ಕೆಟ್ಟ ಗುಂಡನ್ನು ವಾಪಸ್ಸು ಪಾತ್ರೆಗೆ ಹಾಕಿ ಕರಗಿಸಬಹುದು. ದೋಸೆಗೆ ಆ ಪುಣ್ಯವಿಲ್ಲ. ಆಮೇಲೆ, ಹಿಂದೊಮ್ಮೆ ಹಾರಿಸಿ ಖಾಲಿಯಾದ ಹಿತ್ತಾಳೆಯ ತೋಟಾಗಳನ್ನು ಉಜ್ಜಿ ತೊಳೆದು, ಮದ್ದು ತೂಗಿ ತುಂಬಿ, ಬಾಯಿಗೆ ಗುಂಡು ಕೂರಿಸಿ, ಕರಜಿಕಾಯಿಯ ಅಂಚು ಒತ್ತಿದ ಹಾಗೆ ಸುತ್ತಲೂ ಒತ್ತುತ್ತಾರೆ. ಸರಿಯಾಗಿ ಒತ್ತದಿದ್ದರೆ ಪಕ್ಕದ ತೋಟಾ ಹಾರಿದ ಕುಲುಕಾಟಕ್ಕೆ ಇದರ ಗುಂಡು ಮುಂದಕ್ಕೆ ಜರುಗುತ್ತದಂತೆ. ಅಂಚು ಬಿಟ್ಟ ಕರಜಿಕಾಯಿಯ ಹೂರಣ ಎಣ್ಣೆಯ ಪಾಲಾಗುವುದನ್ನು ಕಂಡವಳು ನಾನು, ಅರ್ಥವಾಯಿತು. ಅರ್ಥವಾಗದೆ ಕೇಳಿದ್ದು ಒಂದೇ.

"ಅಲ್ಲಾ ರೀ, ಗುಂಡು ದೊಡ್ಡದಾದ್ರೆ ಮದ್ದೂ ಜಾಸ್ತಿ ಬೇಕಲ್ವಾ?"

"ಉಲ್ಟಾ ಕಣೇ ಪದ್ಮ. ಗುಂಡು ಭಾರವಾದಷ್ಟೂ ಮದ್ದು ಕಮ್ಮಿ. ಜಾಸ್ತಿ ಹಾಕಿದ್ರೆ ಕೈಯಲ್ಲೇ ಒಡೆದೀತು."

ಈಗ ಮಡಿಯ ವಿಷಯ. ಮದುವೆಯಾದಾಗಿನಿಂದ ಇವರು ನನ್ನ ಮಡಿಯನ್ನು ಆಡಿಕೊಂಡು ನಗುತ್ತ ಬಂದವರು. "ನಿಮ್ಮಮ್ಮ ಟೋಸ್ಟರಿಗೂ ಸ್ನಾನ ಮಾಡಿಸ್ತಾಳೆ" ಎಂದು ಮಗಳ ಮುಂದೆ ಹೇಳುತ್ತಿದ್ದರು. ದೇವರು ನೋಡಿಕೊಂಡ. ಸೀಸ ವಿಷ, ಕೈಗೆ ಬಟ್ಟೆಗೆ ಅಂಟಿ ಒಳಗೆ ಬರುತ್ತದೆ ಎಂದು ತಿಳಿದ ದಿನವೇ ನಾನು ಶಾಸ್ತ್ರ ಬರೆದೆ: ಗರಾಜಿಗೆ ಬೇರೆ ಬಟ್ಟೆ, ಬೇರೆ ಚಪ್ಪಲಿ, ಅಲ್ಲಿ ಕಾಫಿ ಕುಡಿಯುವಂತಿಲ್ಲ, ಬಾಗಿಲು ತೆರೆದು ಫ್ಯಾನ್ ಹಾಕಿಯೇ ಎರಕ, ಮುಗಿಸಿ ಬಂದರೆ ಯಾವುದನ್ನೂ ಮುಟ್ಟದೆ ನೆಟ್ಟಗೆ ಬಚ್ಚಲಿಗೆ, ಆ ಬಟ್ಟೆ ಬೇರೆಯಾಗಿಯೇ ಒಗೆಯಬೇಕು. ಸೊಂಟಕ್ಕೆ ಟವೆಲ್ಲು ಸುತ್ತಿ, ಎರಡು ಕೈಯನ್ನೂ ಮೈಯಿಂದ ದೂರ ಹಿಡಿದು, "ದಾರಿ ಬಿಡೇ, ಮೈಲಿಗೆ ಬರ್ತಿದೆ!" ಎಂದು ಕೂಗುತ್ತ ಬರುವ ಗಂಡನನ್ನು ನೋಡುವ ಭಾಗ್ಯ ಎಷ್ಟು ಜನಕ್ಕುಂಟು?

ಹೀಗಿರುವಾಗ ಜರ್ಸಿ ಸಿಟಿಯಲ್ಲಿರುವ ನಮ್ಮ ಒಬ್ಬಳೇ ಮಗಳು ಮೇಘನಾ ಬಸುರಿಯಾದಳು. ಬಾಣಂತನಕ್ಕೆ ಇಲ್ಲಿಗೇ ಬರುವುದೆಂದು ಮಾತಾಗಿತ್ತು. ನಾನು ಮೆಂತ್ಯದ ಲಾಡುವಿಗೆ ಅಂಟು ಕೂಡ ತರಿಸಿಟ್ಟಿದ್ದೆ. ಏಳನೇ ತಿಂಗಳಲ್ಲಿ ಫೋನು ಮಾಡಿದಳು.

"ಅಮ್ಮಾ, ಡೋಂಟ್ ಟೇಕ್ ಇಟ್ ಪರ್ಸನಲಿ. ನಮ್ಮ ಡಾಕ್ಟರು ಮನೇಲಿ ಲೆಡ್ ಇದ್ಯಾ ಅಂತ ಕೇಳಿದ್ರು. ಅಪ್ಪನ ಗರಾಜ್ ಇರೋ ಮನೆಗೆ ಪಾಪೂನ ಹೇಗೆ ಕರ್ಕೊಂಡ್ ಬರ್ಲಿ?"

ಇವರು ಪಕ್ಕದಲ್ಲೇ ಇದ್ದರು. ಎದ್ದು ಗರಾಜಿಗೆ ಹೋದರು. ನಾನು ಹೋದಾಗ ಗುಂಡಿನ ಅಚ್ಚನ್ನು ಹಳೆಯ ಬನಿಯನ್ನಿನಲ್ಲಿ ಸುತ್ತುತ್ತಿದ್ದರು. "ಎಲ್ಲಾ ಕೊಟ್ಬಿಡ್ತೀನಿ ಪದ್ಮ. ಮಗು ಬರ್ಲಿ" ಎಂದರು. ಆ ದನಿ ಕೇಳಿ ನನಗೇ ತಡೆಯಲಾಗಲಿಲ್ಲ. ಮೊದಲು ರಕ್ತ ನೋಡಿಸೋಣ, ಇಬ್ಬರದೂ ಚೆನ್ನಾಗಿದ್ದರೆ ಅವಳಿಗೂ ಧೈರ್ಯ ಬರುತ್ತದೆ ಎಂದೆ. ನನ್ನ ಮಡಿಯ ಮೇಲೆ ನನಗೆ ಅಷ್ಟು ನಂಬಿಕೆ.

ಮಡಿ ಗೆದ್ದಿತು, ಮಡಿವಂತೆ ಸೋತಳು. ಒಗ್ಗರಣೆ ಹೊತ್ತಿನ ಆ ಫೋನಿನಲ್ಲಿ ನರ್ಸಮ್ಮ ಗರಾಜಿನ ಸುದ್ದಿಯನ್ನೇ ಎತ್ತಲಿಲ್ಲ. ಇಂಡಿಯಾದ ಅರಿಸಿನ ಬಳಸುತ್ತೀರಾ? ಕುಂಕುಮ? ನಾಟಿ ಔಷಧಿ? ಹಳೆಯ ಕಾಲದ ಲೋಹದ ಪಾತ್ರೆ? ಅವಳು ಹೆಸರಿಸುತ್ತ ಹೋದದ್ದೆಲ್ಲ ನನ್ನ ರಾಜ್ಯ. ನಾನು ಹೂಂ, ಹೂಂ ಎನ್ನುತ್ತ ಹೋದೆ. ದನಿ ಸಣ್ಣದಾಗುತ್ತ ಹೋಯಿತು.

ಸೀಸ ಸೋಕಿದರೆ ಕೆಂಪಾಗುವ ಕಡ್ಡಿಗಳನ್ನು ಇವರು ಗರಾಜಿನ ಮೇಜು ಒರೆಸಿ ನೋಡಲು ತಂದಿಟ್ಟಿದ್ದರು. ಅವನ್ನು ಹಿಡಿದು ಒಳಗೆ ಬಂದರು. ಅರಿಸಿನ ಪಾಸಾಯಿತು. ಕುಂಕುಮ ತಾನೇ ಕೆಂಪು, ಕಡ್ಡಿಗೇನು ಗೊತ್ತಾಗಬೇಕು. ಅದು ಕಸದ ಬುಟ್ಟಿಗೆ ಹೋಯಿತು. ಹಿತ್ತಾಳೆ ದೀಪ ಪಾಸಾಯಿತು. ಉಳಿದದ್ದು ನಮ್ಮಮ್ಮ ಮೈಸೂರಿನಲ್ಲಿ ಕೊಟ್ಟಿದ್ದ ಈಯದ ಚೊಂಬು, ಆವತ್ತೂ ನಾನು ಸಾರು ಕುದಿಸಿದ್ದ ಚೊಂಬು. ಈಯ ಎಂದರೆ ತವರ, ಸಾರಿಗೆ ಅದು ಕೊಡುವ ಪರಿಮಳ ಬೇರೆ ಯಾವ ಪಾತ್ರೆಯೂ ಕೊಡದು. ಆದರೆ ಎಲ್ಲ ಈಯವೂ ಅಪ್ಪಟವಲ್ಲ. ಇವರು ಸಾರನ್ನು ಸಿಂಕಿಗೆ ಚೆಲ್ಲಿ, ತೊಳೆದು, ಒಳಗೆ ಕಡ್ಡಿ ತಿಕ್ಕಿದರು. ತುದಿ ಕುಂಕುಮ ಮುಟ್ಟಿದ ಬೆರಳಿನಂತಾಯಿತು.

ನಮ್ಮ ಮನೆದೇವರು ನಂಜುಂಡೇಶ್ವರ. ನಂಜು ಉಂಡವನು, ಆದರೂ ಜಾಣ, ಗಂಟಲಲ್ಲೇ ತಡೆದು ನಿಲ್ಲಿಸಿದ. ಅವನ ಭಕ್ತೆ ಅನ್ನಕ್ಕೆ ಕಲಸಿ ದಿನಾ ನುಂಗಿದ್ದಾಳೆ.

ಇನ್ನು ನಗುತ್ತಾರೆ ಎಂದು ಕಾದೆ. ಟೋಸ್ಟರಿನಿಂದ ಹಿಡಿದು ಎಲ್ಲದರ ಬಾಕಿ ತೀರಿಸಿಕೊಳ್ಳಲು ಇಂಥ ಸಮಯ ಅವರಿಗೆ ಇನ್ನೆಂದು ಸಿಗಬೇಕು? ಅವರು ನಗಲಿಲ್ಲ. ಚೊಂಬನ್ನು ಕೈಯಲ್ಲಿ ತಿರುಗಿಸುತ್ತ ಯೋಚಿಸುತ್ತಿದ್ದರು.

"ಸಾರು ನಾನೂ ತಿಂತೀನಿ. ನನಗ್ಯಾಕಿಲ್ಲ?"

ಉತ್ತರ ಅವರಿಗೇ ಹೊಳೆಯಿತು. ಅವರಿಗೆ ಬಡಿಸುವುದು ಆಗ ತಾನೇ ಇಳಿಸಿದ ಸಾರು. ನನ್ನ ಊಟ ಎಲ್ಲ ಕೆಲಸ ಮುಗಿದ ಮೇಲೆ; ಚೊಂಬಿನಲ್ಲೇ ಮಧ್ಯಾಹ್ನದವರೆಗೆ ಕೂತ ಹುಣಸೆಹುಳಿಯ ಸಾರು, ತಳದ ಗಷ್ಟು, ಚೆಲ್ಲಲು ಮನಸ್ಸು ಬಾರದೆ ರಾತ್ರಿಗೂ ಅದೇ.

"ಇನ್ಮೇಲೆ ನನ್ನ ಜೊತೇಲೇ ಊಟಕ್ಕೆ ಕೂತ್ಕೋ" ಎಂದರು.

ಅಷ್ಟೇ. ಮದ್ದು ಕಡಿಮೆ, ಗುಂಡು ಭಾರ. ಕಾಗದಕ್ಕೆ ಹೊಡೆದದ್ದು ಎಷ್ಟೋ ಸಲ ಗುರಿ ತಪ್ಪಿರಬಹುದು, ಇದು ತಪ್ಪಲಿಲ್ಲ. ನಾನು ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಮಗಳಿಗೆ ಅವರೇ ಫೋನು ಮಾಡಿದರು. "ನಿನ್ನ ಅನುಮಾನ ಸರಿ ಪುಟ್ಟಾ, ವಿಳಾಸ ಮಾತ್ರ ತಪ್ಪು" ಎಂದರು. ಅವಳು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಅಮ್ಮನ ಇನ್ನೊಂದು ಟೆಸ್ಟ್ ಬರಲಿ ಎಂದಳು. ಚೊಂಬನ್ನು ಏನು ಮಾಡುವುದು? "ತವರ ಬೆರೆತ ಸೀಸ, ಎರಕಕ್ಕೆ ಬಲು ಚೆನ್ನ" ಎಂದು ಇವರು ಬಾಯಿ ತೆಗೆದರು. ನಾನು ನೋಡಿದ ನೋಟಕ್ಕೆ ಮುಚ್ಚಿದರು. ಈಗ ಅದು ಗರಾಜಿನ ಮೇಲಿನ ಶೆಲ್ಫಿನಲ್ಲಿದೆ, ಹೊಟ್ಟೆ ತುಂಬ ಅವರ ಭಾರದ ಗುಂಡುಗಳು. ಎರಕದ ಸಾಮಾನನ್ನೆಲ್ಲ, ಮಗು ದೊಡ್ಡದಾಗುವವರೆಗೆ ಇರಲೆಂದು, ಕ್ಲಬ್ಬಿನ ಸ್ನೇಹಿತರ ಶೆಡ್ಡಿಗೆ ಸಾಗಿಸಿದರು. ಯಾರೂ ಕೇಳಿರಲಿಲ್ಲ. ಆಯುಧಪೂಜೆಯ ದಿನ ಚೊಂಬಿಗೂ ಒಂದು ಹೂವು ಇಟ್ಟು, ಬಂದು ಕೈ ತೊಳೆದುಕೊಂಡೆ.

ಎರಡನೇ ಪರೀಕ್ಷೆಯಲ್ಲಿ ನನ್ನ ಸೀಸ ಇಳಿದಿತ್ತು. ಮೇಘನಾ ಮೊನ್ನೆ ಶನಿವಾರ ಪಾಪುವನ್ನು ಎತ್ತಿಕೊಂಡು ಬಂದಳು, ಈಗ ಇಬ್ಬರೂ ಮೇಲೆ ಮಲಗಿದ್ದಾರೆ. ದೇವರ ಉಪಕಾರಗಳನ್ನು ಎಣಿಸುವುದು ನನ್ನ ಅಭ್ಯಾಸ. ಇತ್ತೀಚೆಗೆ ಆ ಎಣಿಕೆಯಲ್ಲಿ ಎದುರಿಗಿರುವ ಇನ್ನೊಂದು ತಟ್ಟೆಯೂ ಸೇರಿದೆ.

ಸ್ಟೀಲಿನ ಪಾತ್ರೆಯಲ್ಲಿ ಸಾರು ಕುದಿ ಬಂತು. ಆ ಪರಿಮಳವಿಲ್ಲ, ಇಲ್ಲದಿದ್ದರೆ ಬೇಡ. ಮೂರು ತಟ್ಟೆ ಹಾಕಿ, ಎಲ್ಲರನ್ನೂ ಕೂಗಿ, ಒಗ್ಗರಣೆಗೆ ತುಪ್ಪ ಇಡುತ್ತೇನೆ. ಈ ಸಲ ಫೋನು ಬಂದರೆ ಅವರೇ ಎತ್ತಿಕೊಳ್ಳಲಿ.